ಹೊಗೆ ಹಾಕಿದ್ದಾರಾ ಎಂದು ಕೇಳಿದ ಆರು ನಿಮಿಷ

ಮಧ್ಯಾಹ್ನ ಎರಡು ಗಂಟೆ ನಲವತ್ತೊಂದು ನಿಮಿಷ. ಕರೆ ಸ್ವೀಕರಿಸುವ ವಾಚ್ ರೂಮಿನ ಗೋಡೆ ಗಡಿಯಾರವೂ ನನ್ನ ಕೈಗಡಿಯಾರವೂ ಅಂದು ಒಂದೇ ಹೊತ್ತು ತೋರಿಸುತ್ತಿದ್ದವು. ಇದರ ಬಗ್ಗೆ ಯಾರೂ ನನ್ನ ಜೊತೆ ವಾದಕ್ಕೆ ಬರಬೇಕಿಲ್ಲ. ಫೋನ್ ಬಂತು, ಎರಡನೆಯ ರಿಂಗಿಗೆ ಎತ್ತಿದೆ. ನಮ್ಮ ಗಾಡಿ ಠಾಣೆಯ ಗೇಟು ದಾಟಿದ್ದು ಎರಡು ನಲವತ್ತೇಳಕ್ಕೆ. ನಡುವಿನ ಆರು ನಿಮಿಷ ನನ್ನವು. ನಿವೃತ್ತಿಯಾದ ಮೇಲೂ ಇಲಾಖೆಗೆ ವಾಪಸ್ ಕೊಡದೆ ನನ್ನ ಹತ್ತಿರವೇ ಇಟ್ಟುಕೊಂಡಿರುವುದು ಅವನ್ನು ಮಾತ್ರ.

ಅಗ್ನಿಶಾಮಕ ದಳಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತರಬೇತಿಯಲ್ಲಿ ನಿಮಗೆ ಏಣಿ ಹತ್ತುವುದು, ಹೋಸ್ ಬಿಚ್ಚುವುದು, ಗಂಟು ಹಾಕುವುದು ಎಲ್ಲ ಕಲಿಸುತ್ತಾರೆ. ಕರೆ ಬಂದಾಗ ಹೊರಡುವುದನ್ನೂ ಕಲಿಸುತ್ತಾರೆ, ಸೆಕೆಂಡು ಎಣಿಸಿ. ಆದರೆ ಹೊರಡದೆ ಇರುವುದನ್ನು ನಾವೇ ಕಲಿತುಕೊಳ್ಳುತ್ತೇವೆ, ಅದೂ ಕೆಲಸದಲ್ಲಿ ಪಳಗಿದ ಮೇಲೆ. ನಾನು ಕಲಿತ ಬಗೆ ಹೇಳುತ್ತೇನೆ.

ತುಮಕೂರು, ಕುಣಿಗಲ್, ಗುಬ್ಬಿ ಮೂರೂ ಕಡೆ ಕೆಲಸ ಮಾಡಿದ್ದೇನೆ. ಆ ಎರಡು ನಲವತ್ತೊಂದು ಯಾವ ಠಾಣೆಯದ್ದು ಎಂದು ಹೇಳುವುದಿಲ್ಲ. ತಪ್ಪು ಕಟ್ಟಡದ್ದಲ್ಲ. ಅಲ್ಲಿ ಈಗ ಕೆಲಸ ಮಾಡುತ್ತಿರುವವರು ಅದನ್ನು ಹೊರಬೇಕಾಗಿಯೂ ಇಲ್ಲ.

ಸೇರಿದ್ದು ತುಮಕೂರಿನಲ್ಲಿ. ಬಿಎಸ್ಸಿ ಮುಗಿಸಿ ಬಂದವನು ಆ ಬ್ಯಾಚಿನಲ್ಲಿ ನಾನೊಬ್ಬನೇ. ಬಂದ ವಾರದಲ್ಲೇ ನನ್ನ ಹೆಸರು ಹೋಗಿ 'ಬಿಎಸ್ಸಿ' ಉಳಿಯಿತು. ಆಗಿನ ಠಾಣಾಧಿಕಾರಿ ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ. ಜೇಬಿನಲ್ಲಿ ಸದಾ ಒಂದು ಸ್ಟಾಪ್‌ವಾಚು. ನಾವು ಮುದ್ದೆ ಮುರಿದು ಸಾರಿಗೆ ಅದ್ದುವ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತಿದ್ದರು. ನಾವು ಎಂಜಲು ಕೈಯಲ್ಲೇ ಓಡಿ, ಬೂಟಿಗೆ ಕಾಲು ತೂರಿಸಿ, ಗಾಡಿ ಹತ್ತಿ ಕೂತರೆ, ಅವರು ಕೆಳಗೆ ನಿಂತು ವಾಚು ನೋಡಿ ಬಾಯಲ್ಲಿ ಚ್ಚು ಚ್ಚು ಅನ್ನುತ್ತಿದ್ದರು.

"ಐವತ್ತೆಂಟು ಸೆಕೆಂಡು. ಮದುವೆ ಮನೆಗೆ ಹೊರಟಂಗೈತೆ. ಬಿಎಸ್ಸಿ, ನಿನ್ ಎಡಗಾಲ್ ಬೂಟು ಬಲಗಾಲಲ್ಲೈತೆ ನೋಡ್ಕಳಪ್ಪ."

ಎಲ್ಲರೂ ನಕ್ಕರು. ನಾನು ಕೆಳಗೆ ನೋಡಿದೆ. ನಿಜವಾಗಿಯೂ ಹಾಗೇ ಇತ್ತು. ಅಂದಿನಿಂದ ಮೂವತ್ತು ಚಿಲ್ಲರೆ ವರ್ಷ ನನ್ನ ಬೂಟು, ಪ್ಯಾಂಟು ಒಂದರೊಳಗೊಂದು ಹೂತುಕೊಂಡೇ ಮಂಚದ ಪಕ್ಕ ನಿಂತಿರುತ್ತಿದ್ದವು.

ಕುಣಿಗಲ್‌ನಲ್ಲಿ ಇನ್ನೊಂದು ಬಗೆ. ಒಂದು ಮಧ್ಯಾಹ್ನ ರಸ್ತೆಯಲ್ಲಿ ಹುಲ್ಲಿನ ಟ್ರ್ಯಾಕ್ಟರಿಗೆ ಬೆಂಕಿ ಬಿದ್ದಿದೆ ಎಂದು ಕರೆ ಬಂತು. ಎಲ್ಲಿ ಎಂದು ಕೇಳುವಷ್ಟರಲ್ಲಿ ಲೈನ್ ಕಟ್. ಗಾಡಿ ಹತ್ತಿ ಗೇಟಿನವರೆಗೆ ಬಂದೆವು. ಎದುರಿನಿಂದ ಆ ಟ್ರ್ಯಾಕ್ಟರೇ ಧಗಧಗ ಉರಿಯುವ ಹುಲ್ಲು ಹೊತ್ತು ಗೇಟಿನೊಳಗೆ ನುಗ್ಗಿತು! ಡ್ರೈವರು ಸೀಟಿನಿಂದ ಹಾರಿ ಬಂದು ಕೈಮುಗಿದು ಹೇಳಿದ: "ನೀವ್ ಬರೋದು ಲೇಟಾಗುತ್ತೆ ಅಂತ ನಾನೇ ತಂದ್ಬುಟ್ಟೆ ಸಾ." ಪೇಟೆಯ ನಡುವೆ ಬೆಂಕಿ ಮೆರವಣಿಗೆ ಮಾಡಿಕೊಂಡು ಬಂದಿದ್ದಕ್ಕೆ ಅವನಿಗೆ ಬಾಯಿಗೆ ಬಂದಂತೆ ಬೈದೆವು. ಬೈಯುತ್ತಲೇ ನೀರು ಹೊಡೆದೆವು. ಅವನ ಮಾತು ಮಾತ್ರ ನನಗೆ ಆಮೇಲೆ ಚುಚ್ಚಿತು. ಜನ ನಮ್ಮನ್ನು ನಂಬಿ ಕಾಯುವುದಿಲ್ಲ. ಕಾಯುವುದು ಬೇರೆ ದಾರಿ ಇಲ್ಲದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರುತ್ತಿರುವುದು ಧೈರ್ಯ ಸಾಲದೆ ಎಂದು ನೀವು ಅಂದುಕೊಂಡರೆ, ಅದು ಸರಿ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರ ಮನೆಯಲ್ಲಿ ಅಟ್ಟ ಇರುತ್ತದೆ. ಆಳೆತ್ತರಕ್ಕಿಂತ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ, ಸಿಪ್ಪೆಸಮೇತ ತೆಂಗಿನಕಾಯಿ ರಾಶಿ ಹಾಕುತ್ತಾರೆ. ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಇದ್ದು, ಒಳಗಿನ ನೀರು ಇಂಗಿ, ಕಾಯಿ ಅಲ್ಲಾಡಿಸಿದರೆ ಕೊಬ್ಬರಿ ಲೊಡಲೊಡ ಅನ್ನಬೇಕು. ಮಳೆಗಾಲದಲ್ಲಿ ತಂಡಿ ಹಿಡಿದು ಕೆಡದಿರಲಿ ಎಂದು ಅಟ್ಟದ ಕೆಳಗೆ ಕಾಯಿ ಸುಲಿದ ಮಟ್ಟೆ ಸುಟ್ಟು ಹೊಗೆ ಹಾಕುತ್ತಾರೆ. ಉರಿ ಏಳಬಾರದು, ಹೊಗೆ ಮಾತ್ರ ಏಳಬೇಕು. ಗೊತ್ತಿಲ್ಲದವರು ದೂರದಿಂದ ನೋಡಿದರೆ ಹೆಂಚಿನ ಸಂದುಸಂದಿನಲ್ಲೂ ಹೊಗೆ ಬರುವ ಆ ಮನೆ ಉರಿದುಹೋಗುತ್ತಿದೆ ಎಂದೇ ಅಂದುಕೊಳ್ಳಬೇಕು.

ಆ ವರ್ಷ ಮಳೆಗಾಲ ಶುರುವಾದ ಮೇಲೆ ಇಂಥ ಹೊಗೆ ನೋಡಿ ದಾರಿಹೋಕರು ಫೋನ್ ಮಾಡುವುದು ಹೆಚ್ಚಾಯಿತು. ನಾವು ಸೈರನ್ ಹಾಕಿಕೊಂಡು ಹೋಗುವುದು, ಮನೆಯವರು ಬಾಯಿ ಬಿಟ್ಟು ನೋಡುವುದು, ಊರವರು ನಗುವುದು. ಒಂದು ಸಲ ಅಟ್ಟದ ಯಜಮಾನನೊಬ್ಬ, "ಬಂದಿದ್ದೀರಲ್ಲ, ಹಂಗೇ ತೋಟಕ್ಕೊಂದ್ ಸುತ್ತು ನೀರು ಬುಟ್ಟೋಗ್ರಿ" ಅಂದ. ನಮ್ಮ ಹುಡುಗರಿಗೆ ರೇಗಿತು. ನನಗೆ ಯೋಚನೆ ಹತ್ತಿತು. ಓದಿದವನಲ್ಲವೇ!

ಒಂದು ಸಂಜೆ ಕೂತು ಏಳು ಪ್ರಶ್ನೆಗಳ ಪಟ್ಟಿ ಮಾಡಿದೆ. ಕರೆ ಮಾಡಿದವರು ಮನೆಯವರೋ ದಾರಿಹೋಕರೋ, ಕಾಣುತ್ತಿರುವುದು ಉರಿಯೋ ಹೊಗೆಯೋ, ಹೀಗೆ. ಐದನೆಯ ಪ್ರಶ್ನೆ: ಅಟ್ಟಕ್ಕೆ ಹೊಗೆ ಹಾಕಿದ್ದಾರಾ? ಹೌದು ಎಂದರೆ ಅದೇ ನಂಬರಿಗೆ ನಾವು ತಿರುಗಿ ಫೋನ್ ಮಾಡಿ, ಮನೆಯವರ ಬಾಯಿಂದ ಕೇಳಿ, ಆಮೇಲೆ ಹೊರಡುವುದು. ಮೇಲಧಿಕಾರಿಗಳು ಬಂದಾಗ ತೋರಿಸಿದೆ. "ನೋಡ್ರಿ, ಇದು ತಲೆ ಅಂದ್ರೆ" ಎಂದು ಬೆನ್ನು ತಟ್ಟಿದರು. ಪಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಫೋನಿನ ಮೇಲಿನ ಗೋಡೆಗೆ ಅಂಟಿಸಿದೆ. ಅದರ ಕೆಳಗೆ ನನ್ನ ಸಹಿಯೂ ಇತ್ತು.

ಒಬ್ಬರಿಗೆ ಮಾತ್ರ ಅದು ಹಿಡಿಸಲಿಲ್ಲ. ನಮ್ಮ ಡ್ರೈವರ್ ಗಂಗಣ್ಣನವರಿಗೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಏಳನೇ ಕ್ಲಾಸಿನವರು. ಅವರಿಗೊಂದು ಅಭ್ಯಾಸ. ಫೋನ್ ರಿಂಗಾದ ಕೂಡಲೇ, ಅದು ಬೆಂಕಿಯ ಕರೆಯೋ ಯಾರ ಮನೆಯ ಯೋಗಕ್ಷೇಮವೋ ಎಂದು ನೋಡದೆ ಹೋಗಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ನಿಂತ ಗಾಡಿಯಲ್ಲಿ ಬ್ರೇಕಿನ ಗಾಳಿ ಇಳಿದಿರುತ್ತದೆ. ಇಂಜಿನ್ ಓಡಿ ಏರ್ ಕಟ್ಟುವವರೆಗೆ ಬ್ರೇಕು ಬಿಡುವುದಿಲ್ಲ, ಗಾಡಿ ಕದಲುವುದಿಲ್ಲ. ನಾವು ವಿಳಾಸ ಕೇಳಿ ಮುಗಿಸುವಷ್ಟರಲ್ಲಿ ಏರ್ ಕಟ್ಟಿರಲಿ ಎಂಬುದು ಅವರ ಲೆಕ್ಕ. ನನಗೋ ಆ ಸದ್ದಿನಲ್ಲಿ ಫೋನ್ ಕೇಳಿಸುತ್ತಿರಲಿಲ್ಲ.

"ಗಂಗಣ್ಣ, ನಾನು ಹೇಳಿದ ಮೇಲೆ ಸ್ಟಾರ್ಟ್ ಮಾಡಿ" ಅಂದಿದ್ದೆ.

"ಆಯ್ತು ಸಾ. ನೀವು ಓದಿರೋರು."

ಆ ಮಾತಿನಲ್ಲಿ ಕೊಂಕಿತ್ತೇ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಸುಮ್ಮನಾದರು. ಫೋನ್ ಬಂದಾಗ ಸೀಟಿನಲ್ಲಿ ಕೂತು, ಕೀಲಿ ಮೇಲೆ ಕೈ ಇಟ್ಟು, ಕಿಟಕಿಯಿಂದ ನನ್ನ ಮುಖ ನೋಡುತ್ತಿದ್ದರು.

ಎರಡು ನಲವತ್ತೊಂದಕ್ಕೆ ಫೋನ್ ಮಾಡಿದ್ದು ಲಕ್ಕಮ್ಮ ಎಂಬ ಹೆಂಗಸು. ಹೆಸರು ಆಮೇಲೆ ತಿಳಿದದ್ದು. ಆಕೆಯ ಊರಿನ ಹಾಲಿನ ಡೈರಿ ಗೋಡೆಯ ಮೇಲೆ ನಮ್ಮ ಠಾಣೆಯ ನಂಬರು ಬರೆಸಿದ್ದವನು ನಾನೇ.

"ಸಾ, ಅಟ್ಟುಕ್ಕೆ ಬೆಂಕಿ ಬಿದ್ಬುಟ್ಟೈತೆ ಸಾ, ಬ್ಯಾಗ ಬನ್ನಿ ಸಾ."

ಊರು ಕೇಳಿದೆ, ಹೇಳಿದಳು. ಠಾಣೆಯಿಂದ ಹನ್ನೊಂದು ಕಿಲೋಮೀಟರು.

"ಉರಿ ಕಾಣುತ್ತಾ ಹೊಗೆ ಕಾಣುತ್ತಾ?"

"ಹೊಗೆ ಸಾ, ಕರ್ರಗೆ ಬತ್ತಾ ಐತೆ. ನಮ್ಮೆಜಮಾನ್ರು..."

"ಇರಮ್ಮ. ಅಟ್ಟಕ್ಕೆ ಹೊಗೆ ಹಾಕಿದಾರಾ?"

"ಹಾಕಿದ್ರು ಸಾ, ಬೆಳಗಿಂದ ಹಾಕವ್ರೆ, ಆದ್ರೆ ಈಗ..."

"ಅದು ಅಟ್ಟದ ಹೊಗೆನೇ ಇರಬೇಕು ಕಣಮ್ಮ. ಗಾಬರಿ ಆಗಬೇಡ. ಮನೆ ಯಜಮಾನರ ಹತ್ತಿರ ಫೋನ್ ಕೊಡು."

"ಅವ್ರ ಮನೇಲಿ ಯಾರೂ ಇಲ್ಲ ಸಾ. ನಾವು ಕೂಲಿಯೋರು."

"ಹಾಗಾದ್ರೆ ಇಡು, ನಾನೇ ಫೋನ್ ಮಾಡ್ತೀನಿ."

ಈ ಮಾತುಕತೆಯಲ್ಲಿ ಒಂದು ಸಾಲು ನೀವು ಗಮನಿಸಿರುತ್ತೀರಿ. ನಾನು ಆಗ ಗಮನಿಸಲಿಲ್ಲ. 'ನಮ್ಮೆಜಮಾನ್ರು' ಎಂದು ಆಕೆ ಶುರು ಮಾಡಿದ್ದನ್ನು ನಾನು ಐದನೆಯ ಪ್ರಶ್ನೆ ಕೇಳುವುದಕ್ಕಾಗಿ ತಡೆದೆ. ಆಕೆಯ ಗಂಡ ನಂಜಪ್ಪ ಅಟ್ಟದ ಮೇಲಿದ್ದ.

ಫೋನ್ ಇಟ್ಟು, ಪಟ್ಟಿಯಲ್ಲಿ ಇದ್ದ ಹಾಗೆ ಅದೇ ನಂಬರಿಗೆ ತಿರುಗಿ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಮೂರನೆಯ ಸಲವೂ ಅದೇ. ನನಗೆ ಸಿಟ್ಟು ಬಂತು, ಇಷ್ಟು ಅರ್ಜೆಂಟಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದಾಳೆ ಎಂದು. ಆಕೆ ನನಗೇ ಫೋನ್ ಮಾಡುತ್ತಿದ್ದಳು. ನಾನು ಆಕೆಗೆ, ಆಕೆ ನನಗೆ. ಇಬ್ಬರಿಗೂ ಎಂಗೇಜ್.

ಗಾಡಿಯ ಕಿಟಕಿಯಿಂದ ಗಂಗಣ್ಣ ಕೂಗಿದರು: "ಮಾಡ್ಲಾ ಸಾ?"

"ತಡೀರಿ" ಎಂದು ಕೈ ತೋರಿಸಿದೆ.

ಕೊನೆಗೆ ನಾನು ಬೇಸತ್ತು ರಿಸೀವರ್ ಕೆಳಗಿಟ್ಟ ಮರುಕ್ಷಣ ಆಕೆಯ ಕರೆ ಬಂತು. ಮಾತು ಇರಲಿಲ್ಲ. ಕಿರುಚಾಟ, ಅದರ ಹಿಂದೆ ಬೇರೆ ಒಂದು ಸದ್ದು. ಬಲಿತ ಕಾಯಿ ಬೆಂಕಿಗೆ ಸಿಡಿಯುವ ಸದ್ದು. ಗಂಗಣ್ಣನವರಿಗೆ ಕೈ ಬೀಸಿದೆ. ಐದು ನಿಮಿಷ ನನ್ನ ಪ್ರಶ್ನೆಗೆ ಹೋಗಿತ್ತು. ಏರ್ ಕಟ್ಟಲು ಇನ್ನೊಂದು. ಆ ಒಂದು ನಿಮಿಷ ನಾವು ಐದು ಜನ ಹೆಲ್ಮೆಟ್ ಹಾಕಿಕೊಂಡು, ಕದಲದ ಗಾಡಿಯಲ್ಲಿ ಗಾಳಿ ಮೀಟರಿನ ಮುಳ್ಳು ಮೇಲೇರುವುದನ್ನು ನೋಡುತ್ತ ಕೂತಿದ್ದೆವು.

ಹನ್ನೊಂದು ಕಿಲೋಮೀಟರನ್ನು ಗಂಗಣ್ಣ ಹೇಗೆ ಓಡಿಸಿದರೋ ಅವರಿಗೇ ಗೊತ್ತು. ಮನೆ ಊರಿನ ಹೊರಗೆ, ತೋಟದ ಅಂಚಿನಲ್ಲಿ. ಹೊಗೆ ಹಾಕಿದ್ದ ಮಟ್ಟೆಯಿಂದ ಪಕ್ಕದ ಒಣಮಟ್ಟೆ ರಾಶಿಗೆ ಕಿಡಿ ಹತ್ತಿ, ಮೊದಲು ಸುಟ್ಟದ್ದು ಅಟ್ಟದ ಮರದ ಏಣಿಯನ್ನೇ. ಕಾಯಿ ಇಳಿಸಲು ಹತ್ತಿದ್ದ ನಂಜಪ್ಪನಿಗೆ ಇಳಿಯುವ ದಾರಿ ಇರಲಿಲ್ಲ. ಗೋಡೆಯ ತುದಿಯಲ್ಲಿ ಗಾಳಿಗೆ ಬಿಟ್ಟ ಒಂದು ಸಣ್ಣ ಕಿಂಡಿ. ಅದರಲ್ಲಿ ಬಾಯಿಟ್ಟು ಕೂಗುತ್ತಿದ್ದನಂತೆ. ನಾವು ಹೋಗುವಾಗ ಕೂಗು ನಿಂತಿತ್ತು. ಲಕ್ಕಮ್ಮ ಕಿಂಡಿಯ ಕೆಳಗೆ ನಿಂತು, "ಮಾತಾಡು, ಮಾತಾಡು" ಅನ್ನುತ್ತಿದ್ದಳು.

ಇಬ್ಬರು ಹೊರಗಿನಿಂದ ಏಣಿ ಇಟ್ಟು ಹೆಂಚು ತೆಗೆಯಲು ಹತ್ತಿದರು. ನಾನು ಹೋಸ್ ಹಿಡಿದು ಕೆಳಗಿನ ಬಾಗಿಲಿನಿಂದ ಒಳಗೆ ಹೋದೆ. ನಾಲ್ಕು ಹೆಜ್ಜೆ ಇಟ್ಟಿರಬೇಕು. ತಲೆಯ ಮೇಲೆ ದಬ್ಬೆ ಮುರಿಯುವುದು ಕೇಳಿಸಿತು. ಮೊದಲು ಒಂದು ಕಾಯಿ ಬಿತ್ತು, ಉರಿಯುತ್ತಲೇ, ನನ್ನ ಕಾಲಿನ ಪಕ್ಕ. ನಾನು ಅದನ್ನೇ ನೋಡಿದೆ. ಈ ಕೆಲಸದಲ್ಲಿ ಮೇಲೆ ನೋಡಬೇಕಾದಾಗ ಕೆಳಗೆ ನೋಡುವುದು ಎಷ್ಟು ದೊಡ್ಡ ತಪ್ಪೋ ನಿಮಗೆ ಹೇಳಬೇಕಿಲ್ಲ. ಯಾರೋ ಹಿಂದಿನಿಂದ ಬೆಲ್ಟು ಹಿಡಿದು ಎಳೆದರು. ಬಾಗಿಲಾಚೆ ಅಂಗಾತ ಬಿದ್ದೆ. ನಾನು ನಿಂತಿದ್ದ ಜಾಗಕ್ಕೆ ಅರ್ಧ ಅಟ್ಟ ಬಂದು ಕುಸಿಯಿತು. ಉರಿಯುವ ಕಾಯಿ ಬಾಗಿಲಿನಿಂದ ಹೊರಗೆ ಉರುಳಿ ಉರುಳಿ ಬಂದವು, ಅಂಗಳದ ತುಂಬ. ಎಳೆದವರು ಗಂಗಣ್ಣ. ಡ್ರೈವರ್ ಗಾಡಿ ಬಿಟ್ಟು ಬರುವ ಹಾಗಿಲ್ಲ. ಬಂದಿದ್ದರು.

ನಂಜಪ್ಪ ಇದ್ದ ಮೂಲೆಯ ಅರ್ಧ ಬೀಳಲಿಲ್ಲ. ಮೇಲಿನಿಂದ ಅವನನ್ನು ತೆಗೆದೆವು. ಮೈ ಸುಟ್ಟಿರಲಿಲ್ಲ. ಉಸಿರು ಇತ್ತು. ಎರಡನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಹೊಗೆ ಕುಡಿದದ್ದು ಹೆಚ್ಚಾಗಿತ್ತು.

ಆರು ನಿಮಿಷ ಮೊದಲೇ ಹೋಗಿದ್ದರೆ ಬದುಕುತ್ತಿದ್ದನೇ ಎಂದು ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ಹೆಚ್ಚಿನವರು 'ಇಲ್ಲ ಬುಡಿ' ಎಂದು ನಾನು ಹೇಳಲಿ ಎಂದೇ ಕೇಳುತ್ತಾರೆ. ನಾನು ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಸಮಾಧಾನಕ್ಕಾಗಿ ಹೇಳುವುದು ನನ್ನಿಂದಾಗದು. ಹನ್ನೊಂದು ಕಿಲೋಮೀಟರು ನನ್ನ ಕೈಯಲ್ಲಿರಲಿಲ್ಲ, ಕಿಡಿ ನನ್ನ ಕೈಯಲ್ಲಿರಲಿಲ್ಲ. ಆರು ನಿಮಿಷ ನನ್ನ ಕೈಯಲ್ಲಿತ್ತು.

ಆ ಸಂಜೆ ಕರೆಪುಸ್ತಕ ಬರೆಯಲು ಕೂತೆ. ಕರೆ ಬಂದ ವೇಳೆ, ಗಾಡಿ ಹೊರಟ ವೇಳೆ, ಎರಡು ಕಾಲಂ. ಹೊರಟದ್ದು ಎರಡು ನಲವತ್ತೇಳು ಎಂದು ಬರೆದೆ. ಕರೆ ಬಂದ ವೇಳೆಯ ಕಾಲಂ ಖಾಲಿ ಬಿಟ್ಟೆ. ಹೌದು, ಬಿಟ್ಟೆ. ನಾಲ್ಕು ದಿನ ಅದು ಖಾಲಿಯೇ ಇತ್ತು. ಧೀರನ ಕಥೆ ಓದುತ್ತಿದ್ದೇವೆ ಎಂದು ನೀವು ಅಂದುಕೊಳ್ಳುವುದು ಬೇಡ.

ಮೇಲಧಿಕಾರಿಗಳು ಬಂದು ನೋಡಿದರು. ಕೆಟ್ಟವರಲ್ಲ. ಬಾಗಿಲು ಹಾಕಿ, ಕುರ್ಚಿ ಎಳೆದು ಹತ್ತಿರ ಕೂತರು.

"ಬಿಎಸ್ಸಿ, ಎರಡು ನಲವತ್ತಾರು ಅಂತ ಬರೀರಿ."

"ಫೋನ್ ಬಂದದ್ದು ನಲವತ್ತೊಂದಕ್ಕೆ ಸಾರ್."

"ಖಚಿತವಾದ ಮಾಹಿತಿ ಬಂದದ್ದು ಯಾವಾಗ? ಎರಡನೇ ಕಾಲ್‌ಗೆ ತಾನೇ? ಅದೇ ಕಾಲ್ ಟೈಮು. ಒಂದು ನಿಮಿಷದಲ್ಲಿ ಹೊರಟಿದೀರಿ, ಮುಗೀತು. ನಾನಂತೂ ಕೇಳಿದವರಿಗೆಲ್ಲ ಹಾಗೇ ಹೇಳಿದೀನಿ."

ನಾನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ರೀ, ನಿಮ್ಮನ್ನ ಉಳಿಸ್ತಿದೀನಿ ಕಣ್ರೀ. ಗೋಡೆ ಮೇಲಿನ ಸಹಿ ಯಾರ್ದು, ನನ್ದಾ?"

"ನಾಳೆ ಬರೀತೀನಿ ಸಾರ್" ಅಂದೆ. ಬರೆಯುವವನೇ ಇದ್ದೆ.

ಅದನ್ನು ತಡೆದದ್ದು ಗಂಗಣ್ಣ. ನಂಜಪ್ಪನ ಮಣ್ಣಿಗೆ ಹೋಗಿ ಬಂದಿದ್ದರು. ನಮ್ಮಲ್ಲಿ ಬೇರೆ ಯಾರೂ ಹೋಗಿರಲಿಲ್ಲ. ಗಾಡಿ ಒರೆಸುತ್ತ, ನನ್ನ ಕಡೆ ನೋಡದೆಯೇ ಹೇಳಿದರು.

"ಆ ಹೆಣ್ಮಗೀನ ಹಟ್ಟಿಯಿಂದ ಆಚೆ ಹಾಕವ್ರೆ ಸಾ."

"ಯಾಕೆ?"

"ಇನ್ಯಾಕೆ. ಅವರತ್ತೆ ಊರೆಲ್ಲ ಸಾರ್ತಾವ್ಳೆ. ಫೈರಿನೋರು ಫೋನ್ ಬಂದ ನಿಮಿಷಕ್ಕೇ ಹೊಂಟ್ರಂತೆ, ಆಪೀಸರೇ ಹೇಳವ್ರೆ. ಇವಳು ಫೋನ್ ಮಾಡೋದು ಬುಟ್ಟು ಬಾಯ್ ಬಡ್ಕಂತಾ ನಿಂತಿದ್ಳು, ನನ್ ಮಗನ್ನ ಕೊಂದ್ಬುಟ್ಳು ಅಂತ."

"ಅವಳು ಹೇಳಲಿಲ್ಲವಾ, ಮೊದಲೇ ಮಾಡಿದ್ದೆ ಅಂತ?"

ಗಂಗಣ್ಣ ಬಟ್ಟೆ ಹಿಂಡಿದರು. "ಹೇಳವ್ಳೆ. ಯಾರ್ ನಂಬ್ತಾರೆ ಸಾ? ಒಂದ್ ಕಡೆ ಸರ್ಕಾರದ್ ಪುಸ್ತಕ, ಒಂದ್ ಕಡೆ ಕೂಲಿಯೋಳ ಬಾಯಿ."

ಒಳಗೆ ಹೋದೆ. ಕರೆಪುಸ್ತಕ ತೆಗೆದೆ. ಖಾಲಿ ಕಾಲಮ್ಮಿನಲ್ಲಿ ಎರಡು ನಲವತ್ತೊಂದು ಎಂದು ಬರೆದೆ. ಷರಾ ಕಾಲಮ್ಮಿನಲ್ಲಿ, 'ಕರೆ ಸ್ವೀಕರಿಸಿದವರ ವಿಚಾರಣೆಯಿಂದ ಹೊರಡುವುದು ತಡವಾಯಿತು' ಎಂದು ಬರೆದು ಹೆಸರು ಹಾಕಿದೆ. ಆಮೇಲೆ ಗೋಡೆಯಿಂದ ಆ ಪಟ್ಟಿ ಕಿತ್ತೆ. ಪ್ಲಾಸ್ಟಿಕ್ಕು ಗಟ್ಟಿ ಅಂಟಿತ್ತು. ಸುಣ್ಣದ ಸಮೇತ ಬಂತು.

ಮೇಲಧಿಕಾರಿಗಳು ಫೋನಿನಲ್ಲೇ ಕೂಗಾಡಿದರು. "ಹೊಸ ಹಾಳೇಲಿ ಬರೆದು ಕಳಿಸ್ರೀ!"

"ಇಲ್ಲ ಸಾರ್."

"ಇಲ್ಲ ಅಂದ್ರೆ?"

"ಆ ಐದು ನಿಮಿಷ ನಾವು ಬಿಟ್ಟರೆ ಅದು ಎಲ್ಲಿಗೂ ಹೋಗಲ್ಲ ಸಾರ್. ಆ ಹೆಂಗಸಿನ ತಲೆ ಮೇಲೆ ಹೋಗಿ ಕೂರುತ್ತೆ. ನನ್ನ ಹತ್ತಿರಾನೇ ಇರಲಿ."

ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು. ಅದನ್ನು ಇಲ್ಲಿ ವಿವರಿಸುವುದಿಲ್ಲ, ಏಕೆಂದರೆ ಅದು ನ್ಯಾಯವಾಗಿತ್ತು. ಹೇಳಬೇಕಾದದ್ದು ಬೇರೆ. ನಾನು ಯೂನಿಫಾರ್ಮ್ ಹಾಕಿಕೊಂಡು, ಬೆಳಗ್ಗೆ ಹತ್ತು ಗಂಟೆಗೆ, ಜನ ಇರುವ ಹೊತ್ತು ನೋಡಿ ಆ ಊರಿಗೆ ಹೋದೆ. ಗಂಗಣ್ಣ ತಮ್ಮ ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಲಕ್ಕಮ್ಮನ ಅತ್ತೆ ಜಗುಲಿಯ ಮೇಲೆ ಕೂತಿದ್ದಳು. ಲಕ್ಕಮ್ಮ ಎದುರು ಮನೆಯ ಕಟ್ಟೆಯ ಮೇಲೆ, ಚೀಲ ಪಕ್ಕಕ್ಕಿಟ್ಟುಕೊಂಡು.

ಡೈರಿ ಹತ್ತಿರದ ಗಂಡಸರೂ ಬಂದು ಸುತ್ತ ನಿಂತರು. ಲಕ್ಕಮ್ಮನನ್ನು ಫೋನ್ ಕೇಳಿದೆ. ಗುಂಡಿ ಒತ್ತುವ ಸಣ್ಣ ಫೋನು. ಆ ದಿನದ ಕರೆಗಳು ಇನ್ನೂ ಅದರಲ್ಲಿದ್ದವು. ಓದು ಬಲ್ಲ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿ ಅಂದೆ. ಎರಡು ನಲವತ್ತೊಂದಕ್ಕೆ ಒಂದು. ಆಮೇಲೆ ಸಾಲಾಗಿ ಐದು ಸಲ ಪ್ರಯತ್ನ. ಎಲ್ಲ ನಮ್ಮ ಠಾಣೆಯ ನಂಬರಿಗೆ.

"ಇವರು ಒಂದು ನಿಮಿಷವೂ ತಡ ಮಾಡಲಿಲ್ಲ. ತಡ ಮಾಡಿದ್ದು ನಾನು. ಹೊಗೆ ಹಾಕಿದಾರಾ ಅಂತ ಕೇಳ್ತಾ ಕೂತಿದ್ದೆ" ಅಂದೆ.

ಅತ್ತೆ ಎದ್ದು ಬಂದು ನನ್ನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಒಂದು, ಎರಡು, ಮೂರು. ಬಲವಿರಲಿಲ್ಲ. ಗಂಗಣ್ಣ ಅಡ್ಡ ಬರಲು ಹೋದರು, ತಡೆದೆ. ಆಮೇಲೆ ಅತ್ತೆ ಎದುರಿನ ಕಟ್ಟೆಯ ಕಡೆ ತಿರುಗಿ, ಸೊಸೆಗೆ, "ಎದ್ ಬಾರೇ ಒಳೀಕೆ" ಅಂದಳು.

ಲಕ್ಕಮ್ಮ ಚೀಲ ಎತ್ತಿಕೊಂಡು ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದಳು. "ನಿಜ ಹೇಳುದ್ರಿ, ಒಳ್ಳೇದು. ಆದ್ರೆ ನಿಮ್ಮುನ್ನ ಒಳೀಕೆ ಕರಿಯಲ್ಲ ಸಾ."

"ಬೇಡಮ್ಮ" ಅಂದೆ.

ಅಂದಿನಿಂದ ನಮ್ಮ ಠಾಣೆಯಲ್ಲಿ ಒಂದೇ ನಿಯಮ. ಫೋನ್ ರಿಂಗಾದ ಕೂಡಲೇ ಇಂಜಿನ್ ಸ್ಟಾರ್ಟ್. ಊರು ಯಾವುದು, ದಾರಿ ಯಾವುದು, ಇಷ್ಟೇ ಪ್ರಶ್ನೆ. ಉಳಿದದ್ದು ರಸ್ತೆಯ ಮೇಲೆ ಮೊಬೈಲಿನಲ್ಲಿ. ಹುಸಿ ಕರೆಯಾದರೆ ವಾಪಸ್ ಬಂದರಾಯಿತು. ಗಾಡಿಗೆ ಹಿಂದಕ್ಕೆ ತಿರುಗಲು ಬರುತ್ತದೆ. ಈಗಿನ ಗಾಡಿಗಳಿಗೆ ನಿಂತಲ್ಲೇ ಗಾಳಿ ತುಂಬಿಡುವ ಸೌಕರ್ಯ ಬಂದಿದೆ, ಕರೆಗಳೆಲ್ಲ ಕಂಪ್ಯೂಟರಿನಲ್ಲಿ ತಾನೇ ದಾಖಲಾಗುತ್ತವೆ, ಮ್ಯಾಪು ದಾರಿ ತೋರಿಸುತ್ತದೆ. ಒಳ್ಳೆಯದು. ಆದರೆ ಫೋನ್ ಎತ್ತುವವನ ತಲೆಯಲ್ಲಿ 'ಇದೂ ಸುಳ್ಳಿರಬಹುದು' ಎಂಬುದು ಹೊಕ್ಕರೆ, ಅದನ್ನು ತೆಗೆಯುವ ಯಂತ್ರ ಇನ್ನೂ ಬಂದಿಲ್ಲ.

ನನಗೆ ನಿದ್ದೆ ಹೋಯಿತು. ಮಲಗಿದರೆ ಒಂದೆರಡು ಗಂಟೆಗೆ ಎಚ್ಚರ. ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ರಜೆಯ ದಿನವೂ ಅದೇ. ನಿದ್ದೆಯಲ್ಲಿ ನಾನು ಮಾತಾಡುತ್ತಿದ್ದೆನಂತೆ. ಏನೆಂದು ಹೆಂಡತಿ ಬಹಳ ದಿನ ಹೇಳಿರಲಿಲ್ಲ. ಒತ್ತಾಯ ಮಾಡಿದ ಮೇಲೆ ಹೇಳಿದಳು: "ಹೊಗೆ ಹಾಕಿದಾರಾ, ಹೊಗೆ ಹಾಕಿದಾರಾ ಅಂತೀರ ಕಣ್ರೀ. ತುಂಬಾ ಮರ್ಯಾದೆಯಾಗಿ ಕೇಳ್ತೀರ."

ಮುಂದಿನ ಮಳೆಗಾಲ ಲಕ್ಕಮ್ಮನ ಫೋನ್ ಬಂತು. ಪಕ್ಕದೂರಿನ ಅಟ್ಟದಲ್ಲಿ ಹೊಗೆ. ಹೋದೆವು. ಬರೀ ಹೊಗೆ. ಹದಿನೈದು ದಿನಕ್ಕೆ ಮತ್ತೆ. ಹೋದೆವು. ಬರೀ ಹೊಗೆ. ಆ ಕಡೆ ಯಾರ ಅಟ್ಟದಲ್ಲಿ ಹೊಗೆ ಎದ್ದರೂ ಆಕೆಗೆ ತಡೆಯುತ್ತಿರಲಿಲ್ಲ. ಊರವರು ಆಕೆಗೆ 'ಫೈರು ಲಕ್ಕಿ' ಎಂದು ಹೆಸರಿಟ್ಟರು. ಮೇಲಧಿಕಾರಿಗಳು ಒಮ್ಮೆ ಕರೆಪುಸ್ತಕ ತಿರುವುತ್ತ, "ಏನ್ರೀ ಇದು, ಆ ಹೆಂಗಸಿನ ನಂಬರ್ ಬ್ಲಾಕ್ ಮಾಡ್ರೀ" ಅಂದರು.

"ಆಗಲ್ಲ ಸಾರ್."

"ನಿಮ್ಮ ಬಾಯಲ್ಲಿ ಬೇರೆ ಮಾತೇ ಇಲ್ವಾ?"

"ಅವರು ನೂರು ಸಲ ಕರೆದರೂ ಹೋಗ್ತೀವಿ. ನಮಗೆ ಹೋಗೋದೇ ಕೆಲಸ. ಉರೀತಿದೆಯಾ ಅನ್ನೋದು ಹೋಗಿ ನೋಡೋ ವಿಷಯ, ಕೂತು ಕೇಳೋದಲ್ಲ."

ಅವರು ಕನ್ನಡಕ ತೆಗೆದರು. ಆಮೇಲೆ ಪುಸ್ತಕ ಮುಚ್ಚಿದರು. ನಂಬರು ಬ್ಲಾಕ್ ಆಗಲಿಲ್ಲ.

ಗಂಗಣ್ಣ ನಿವೃತ್ತರಾದರು. ಹೋಗುವ ದಿನ ಹೊಸ ಡ್ರೈವರಿಗೆ ಕೀಲಿ ಕೊಟ್ಟು, "ಫೋನ್ ರಿಂಗಾದ್ರೆ ಮೊದ್ಲು ಗಾಡಿ. ಇವ್ರು ಬ್ಯಾಡ ಅಂದ್ರೂ ಬುಡಬೇಡ ಕಣೋ" ಎಂದು ನನ್ನ ಮುಂದೆಯೇ ಹೇಳಿದರು. ಅವರ ಕೊಂಕಿನ ಬಗ್ಗೆ ಇದ್ದ ಅನುಮಾನ ಅಂದು ಅರ್ಧ ಬಗೆಹರಿಯಿತು.

ನನ್ನ ಸೇವೆಯ ಕೊನೆಯ ತಿಂಗಳು. ಒಂದು ಶನಿವಾರ, ಬೆಳಗ್ಗೆ ಹನ್ನೊಂದು ಇಪ್ಪತ್ತು. ಫೋನ್ ಎತ್ತಿದೆ. ಹೊರಗೆ ಇಂಜಿನ್ ಆಗಲೇ ಗುಡುಗುತ್ತಿತ್ತು.

"ಸಾ, ನಾನು ಲಕ್ಕಮ್ಮ. ನಮ್ಮೂರಲ್ಲೇ, ಕೆರೆ ಏರಿ ಕಡೆ ಅಟ್ಟ. ಹೊಗೆ ಜಾಸ್ತಿ ಬತ್ತಾ ಐತೆ. ಬರೀ ಹೊಗೆನೇ ಇರ್ಬೋದು ಸಾ."

"ಬಂದ್ವಿ" ಎಂದು ಇಟ್ಟೆ.

ಹೋದೆವು. ಅಟ್ಟದ ಮನೆಯ ಅಜ್ಜಿಯೊಬ್ಬಳು ಮಟ್ಟೆಯ ಹೊಗೆಯ ಪಕ್ಕ ಕೂತು ಬೀಸಣಿಗೆ ಆಡಿಸುತ್ತಿದ್ದಳು. ಅಷ್ಟು ದೊಡ್ಡ ಕೆಂಪು ಗಾಡಿ ಅಂಗಳಕ್ಕೆ ನುಗ್ಗಿ, ನಾವು ಹೋಸ್ ಬಿಚ್ಚಿಕೊಂಡು ಇಳಿದರೂ ಏಳಲಿಲ್ಲ.

"ಏನ್ರಪ್ಪಾ, ಅಟ್ಟುಕ್ಕೆ ಹೊಗೆ ಹಾಕೋದ್ನೂ ನೋಡಿಲ್ವಾ ನೀವು? ಯಾವ್ ದೇಶದೋರು?"

"ನೋಡಿದೀವಿ ಅಜ್ಜಿ. ಆದ್ರೂ ಬಂದ್ವಿ."

"ಒಳ್ಳೆ ಕತೆ. ಬಂದಿದ್ದಾಯ್ತು, ಮಜ್ಜಿಗೆ ಕುಡ್ಕಂಡೋಗಿ. ಆ ಪೈಪ್ ಮಾತ್ರ ಈಕಡೆ ತಿರುಗಿಸ್ಬ್ಯಾಡಿ, ಕಾಯಿ ನೆಂದೋದ್ರೆ ನಿಮ್ಮುನ್ನೇ ಅಟ್ಟುಕ್ಕಾಕಿ ಒಣಗುಸ್ತೀನಿ."

ಹುಡುಗರು ನಕ್ಕರು. ನಾನು ಒಳಗೆ ಹೋಗಿ ಅಟ್ಟದ ಕೆಳಗೆ ನಿಂತೆ. ಈ ಸಲ ಮೇಲೆ ನೋಡಿದೆ. ದಬ್ಬೆ ಗಟ್ಟಿಯಾಗಿತ್ತು. ಹೊಗೆ ಸಂದಿನಲ್ಲಿ ನಿಧಾನವಾಗಿ ಏರುತ್ತಿತ್ತು. ಏಣಿಯ ಪಕ್ಕದಲ್ಲಿ ಒಣಮಟ್ಟೆ ಇತ್ತು. ಎಳೆಸಿ ಅಂಗಳಕ್ಕೆ ಹಾಕಿಸಿದೆ.

ಹೊರಗೆ ಬೇಲಿಯ ಹತ್ತಿರ ಲಕ್ಕಮ್ಮ ನಿಂತಿದ್ದಳು. ನಾನೇ ಹೋದೆ.

"ಬರೀ ಹೊಗೆ ಕಣಮ್ಮ."

ಆಕೆ ತಲೆ ಆಡಿಸಿದಳು. "ಹೊರಡಕ್ಕೆ ಎಷ್ಟೊತ್ತಾಯ್ತು ಸಾ?"

"ನಲವತ್ತೆಂಟು ಸೆಕೆಂಡು."

ಆಕೆ ಸೆರಗಿನ ಗಂಟಿನಿಂದ ಫೋನ್ ತೆಗೆದು, ತಾನು ಕರೆ ಮಾಡಿದ ಹೊತ್ತು ನೋಡಿದಳು. ನಾವು ಬಂದ ಹೊತ್ತನ್ನು ಮನಸ್ಸಿನಲ್ಲಿ ಕಳೆದು ನೋಡಿದಳೆಂದು ಕಾಣುತ್ತದೆ, ತುಟಿ ಅಲ್ಲಾಡಿತು. ಅಂಕಿ ನೋಡುವುದನ್ನು ಆಕೆ ಅಷ್ಟರಲ್ಲಿ ಕಲಿತಿದ್ದಳು.

"ಸರಿ ಹೋಗ್ಬನ್ನಿ" ಅಂದಳು.

ಬೇರೆ ಮಾತಿಗೆ ನಾನು ಕಾಯಲಿಲ್ಲ. ಠಾಣೆಗೆ ಬಂದು ಕರೆ ಬಂದ ವೇಳೆ, ಹೊರಟ ವೇಳೆ ಬರೆದೆ. ಷರಾದಲ್ಲಿ ಹುಸಿ ಕರೆ ಎಂದು ಬರೆಯುವುದು ರೂಢಿ. 'ಹೋಗಿ ನೋಡಲಾಯಿತು' ಎಂದು ಬರೆದೆ.

ಅವತ್ತು ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಆಮೇಲಿನದು ಗೊತ್ತಿಲ್ಲ. ಹೆಂಡತಿ ಭುಜ ಅಲ್ಲಾಡಿಸುತ್ತಿದ್ದಳು. ಮುಖದಲ್ಲಿ ಗಾಬರಿ. ಕಿಟಕಿಯಲ್ಲಿ ಬಿಸಿಲು.

"ಏನಾಯ್ತು? ಫೋನ್ ಬಂತಾ?" ಎಂದು ಎದ್ದು ಕೂತೆ.

"ಫೋನೂ ಇಲ್ಲ ಏನೂ ಇಲ್ಲ. ಒಂದು ಮಾತೂ ಆಡದೆ ಮಲಗಿದ್ರಲ್ಲ, ಅದಕ್ಕೇ ಹೆದರಿಕೆ ಆಯ್ತು."

ಗಡಿಯಾರ ನೋಡಿದೆ. ಭಾನುವಾರ, ಏಳು ಗಂಟೆ ಹತ್ತು ನಿಮಿಷ.